ಎರಡು ತಿಂಗಳು ಮುಂಚಿನ ಸೂಜಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಆರು ಗಂಟೆಗೆ ಬೆಣ್ಣೆ ಲಾಯದ ಬಾಗಿಲನ್ನು ಮೂರು ಸಲ ಒದ್ದಳು. ಒಮ್ಮೆ ಒದ್ದರೆ ಹಸಿವು, ಎರಡು ಸಲ ಒದ್ದರೆ ಕೋಪ, ಮೂರು ಸಲ ಒದ್ದರೆ ‘ಮನೆಯಲ್ಲಿರುವವರೆಲ್ಲ ಸತ್ತರೇನು’ ಎಂದು ಅರ್ಥ ಹೇಳುತ್ತಿದ್ದವನು ನನ್ನ ಗಂಡ. ಅವನು ಸತ್ತು ಒಂಬತ್ತು ದಿನವಾಗಿತ್ತು. ಎದ್ದು ಹೋಗಿ ಹುಲ್ಲು ಹಾಕಿದೆ.

ಬೆಣ್ಣೆ ಮತ್ತು ಪುಟ್ಟಕ್ಕ ಕಿರುಕುದುರೆಗಳು. ಬೆನ್ನು ನನ್ನ ಸೊಂಟಕ್ಕೂ ಬರುವುದಿಲ್ಲ, ಗತ್ತಿಗೆ ಮಾತ್ರ ಕೊರತೆಯಿಲ್ಲ. ನನ್ನ ಗಂಡ ಅವುಗಳನ್ನು ಶಾಲೆಗಳಿಗೆ, ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕರೆದೊಯ್ಯುತ್ತಿದ್ದ. ಈಗ ಎರಡೂ ಗಬ್ಬ. ಮೂರನೆಯವನು ದೊರೆ, ಗಂಡು. ಅವನು ನಮ್ಮವನಲ್ಲ. ಮೂರು ಬೀದಿಯಾಚೆ ಇರುವ ನಿವೃತ್ತ ಸ್ಟೇಷನ್ ಮಾಸ್ತರರ ಕುದುರೆ. ಹೋದ ವರ್ಷ ಏಪ್ರಿಲ್ ಕೊನೆಗೆ, ಮೂರು ವಾರದ ಮಟ್ಟಿಗೆ ಎಂದು ನನ್ನ ಗಂಡ ಕೇಳಿ ತಂದಿದ್ದ. ಈಗ ಮಾರ್ಚ್.

ಮೇ ತಿಂಗಳಲ್ಲಿ ಹೆಣ್ಣುಗಳು ಗಬ್ಬ ಕಟ್ಟಲಿಲ್ಲ ಎಂದ. ಜುಲೈಯಲ್ಲಿ ಕಟ್ಟಿದವು ಎಂದ. ಅಷ್ಟರಲ್ಲಿ ದೊರೆಯ ಕಾಲು ಉಳುಕಿತು. ಉಳುಕು ವಾಸಿಯಾಗುವ ಹೊತ್ತಿಗೆ, ದೊರೆಯ ಮುಖ ಕಾಣದಿದ್ದರೆ ಹೆಣ್ಣುಗಳು ಮೇವು ಮುಟ್ಟುವುದಿಲ್ಲ ಎಂದ. ಕೆಲಸದಲ್ಲಿದ್ದಷ್ಟು ಕಾಲ ಅರ್ಧ ನಿಮಿಷ ತಡವಾದ ರೈಲನ್ನೂ ಕ್ಷಮಿಸದಿದ್ದ ಮಾಸ್ತರರು ಇವೆಲ್ಲವನ್ನೂ ನಂಬಿದರು. ನಾನೂ ನಂಬಿದೆ. ಆಗ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯುತ್ತಿದ್ದೆ, ಲಾಯದ ಕಡೆ ತಲೆ ಹಾಕುತ್ತಿರಲಿಲ್ಲ.

ಅಂತ್ಯಕ್ರಿಯೆಯ ದಿನ ಮಾಸ್ತರರು ಎಲ್ಲರೆದುರು ನಿಂತು, “ಒಂದು ಸುಳ್ಳಾಡಿದ ಹುಡುಗನಲ್ಲ” ಎಂದಿದ್ದರು. ಅತ್ತೆ ಆ ಮಾತನ್ನು ಹಿಡಿದುಕೊಂಡುಬಿಟ್ಟಿದ್ದರು. ಹಾಲಿನವನಿಗೆ ಹೇಳಿದರು. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದರು. ರಾಂಗ್ ನಂಬರ್ ಬಂದರೆ ಅವರಿಗೂ ಹೇಳಿದರು. ಅದನ್ನು ಹೇಳಿದ ಮೇಲೆ ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಅಂದು ಹತ್ತು ಗಂಟೆಗೆ ಡಾಕ್ಟರಮ್ಮ ಬಂದಳು. ಊರಿನ ಕುದುರೆಗಳಿಗೆಲ್ಲ ಅವಳೇ ವೈದ್ಯೆ, ಮಾಸ್ತರರ ಸೊಸೆ, ನನ್ನ ವಯಸ್ಸಿನವಳು. ಪುಟ್ಟಕ್ಕನ ಚೂಪಾದ ಹಲ್ಲಿಗೆ ಅರ ಹಾಕಿ ಉಜ್ಜುವುದಿತ್ತು. ಸಮಾಧಾನದ ಮಾತು ಆಡಲು ಬಾರದವಳು. ಬಂದವಳೇ ನನ್ನ ಕೈಗೆ ಟಾರ್ಚ್ ಕೊಟ್ಟು, “ಬಾಯೊಳಗೆ ಬಿಡ್ರೀ” ಎಂದಳು. ಅವಳು ನನಗೆ ಇಷ್ಟವಾದದ್ದು ಆಗಲೇ.

ಅರ ಹಾಕುವಾಗ ಅತ್ತೆ ಸ್ಟೂಲ್ ತಂದು ಕೂತರು.

“ಡಾಕ್ಟ್ರೇ, ಈಯೋದಕ್ಕೆ ಮುಂಚೆ ಹಾಕ್ತೀರಲ್ಲ, ಆ ಸೂಜಿ ಯಾವಾಗ?”

“ಜೂನಲ್ಲಿ ಈಯ್ತಾವೆ. ನಾಲ್ಕರಿಂದ ಆರು ವಾರ ಮುಂಚೆ ಅಂದ್ರೆ ಮೇ ಶುರುವಲ್ಲಿ.”

“ಅರ್ಧ ಹಾಕಿ ಸಾಕು. ಅರ್ಧ ಕುದುರೆಗೆ ಇಡೀ ಸೂಜಿ ಯಾಕೆ?”

“ಅಜ್ಜಿ, ಇದು ಅಂಗಿ ಹೊಲಿಯೋ ಬಟ್ಟೆ ಅಲ್ಲ, ಅಳತೆ ನೋಡಿ ಕತ್ತರಿಸೋಕೆ. ದೊಡ್ಡ ಕುದುರೆಗೆ ಎಷ್ಟೋ ಇವಕ್ಕೂ ಅಷ್ಟೇ. ಅರ್ಧ ಹಾಕಿದ್ರೆ ಅರ್ಧ ರೋಗ ಬರಲ್ಲ, ಪೂರ್ತಿನೇ ಬರತ್ತೆ.”

“ಹಾಕಿದ ಮೇಲೆ ಮೇವು ಬಿಟ್ರೆ?”

“ಅದಕ್ಕೇ ಎಲ್ಲಾ ಒಂದೇ ದಿನ ಚುಚ್ಚಲ್ಲ. ಮೊದಲು ಧನುರ್ವಾಯುವಿಂದು. ಎರಡು ವಾರ ಬಿಟ್ಟು ಜ್ವರದ್ದು. ಇವು ಗಬ್ಬದಲ್ಲಿ ಒಂದು ದಿನ ಉಪವಾಸ ಇದ್ರೂ ಮೈಕೊಬ್ಬು ಕರಗಿ ರಕ್ತಕ್ಕೆ ಇಳಿಯತ್ತೆ, ಜೀವಕ್ಕೇ ಬರತ್ತೆ. ಚುಚ್ಚಿದ ದಿನ ತೊಟ್ಟಿ ಪಕ್ಕ ಯಾರಾದ್ರೂ ಕೂತಿರಬೇಕು.”

“ನಾನು ಕೂತ್ಕೋತೀನಿ. ನನಗೇನು ಕೆಲಸ?” ಎಂದರು ಅತ್ತೆ.

ಧನುರ್ವಾಯು ಎಂದಾಗ ಮೂವರೂ ಬೆಣ್ಣೆಯ ಕಡೆ ನೋಡಿದೆವು. ಹೋದ ವರ್ಷ, ದೊರೆ ಬರುವುದಕ್ಕೆ ಮುಂಚೆ, ಅವಳನ್ನು ಗಬ್ಬವಿದ್ದಾಗಲೇ ಕೊಂಡು ತಂದಿದ್ದೆವು, ತಿಂಗಳು ಯಾರಿಗೂ ಗೊತ್ತಿರಲಿಲ್ಲ. ಸೂಜಿ ಹಾಕಿಸಿದ ಆರನೇ ದಿನಕ್ಕೇ ಈದಳು. ಅದರ ಶಕ್ತಿ ಹಾಲಿಗೆ ಇಳಿಯಲು ಪುರಸೊತ್ತು ಸಿಗಲಿಲ್ಲ. ಹತ್ತನೇ ದಿನ ಮರಿಯ ದವಡೆ ಕಚ್ಚಿಕೊಂಡಿತು, ಕಾಲುಗಳು ಮೇಜಿನ ಕಾಲಿನಂತೆ ಸೆಟೆದವು. ಹನ್ನೊಂದನೇ ದಿನ ನನ್ನ ಗಂಡ ಅದನ್ನು ಹಿತ್ತಲಿಗೆ ಎತ್ತಿಕೊಂಡು ಹೋದ.

ಡಾಕ್ಟರಮ್ಮ ಕೈ ತೊಳೆಯಲು ಹೋದಾಗ ಅವಳ ರಿಜಿಸ್ಟರ್ ಬಕೆಟ್ ಮೇಲಿತ್ತು. ದೊರೆ ಅದರ ಮೂಲೆಯನ್ನು ಆಗಲೇ ತಿನ್ನತೊಡಗಿದ್ದ. ಕಿತ್ತುಕೊಂಡೆ. ನಮ್ಮ ಮನೆಯ ಪುಟ ತೆರೆದಿತ್ತು.

‘ಅಕ್ಟೋಬರ್. ಗಬ್ಬ ಹೋಗದಿರಲು ಮೊದಲ ಸೂಜಿ. ಐದನೇ ತಿಂಗಳಿಗೆ ಬದಲು ಮೂರರಲ್ಲಿ. ಮಾಲೀಕರ ಗಾಬರಿ.

ಡಿಸೆಂಬರ್. ಎರಡನೆಯದು. ಏಳಕ್ಕೆ ಬದಲು ಐದರಲ್ಲಿ. ಮಾಲೀಕರ ಗಾಬರಿ.

ಫೆಬ್ರವರಿ. ಮೂರನೆಯದು. ಒಂಬತ್ತಕ್ಕೆ ಬದಲು ಏಳರಲ್ಲಿ. ಅದೇ ಗಾಬರಿ.’

ನಾನು ಸಂಖ್ಯಾಶಾಸ್ತ್ರ ಓದಿದವಳು. ಒಂದು ಸಲದ ಗಾಬರಿ ಗಾಬರಿಯೇ. ಮೂರು ಸಲವೂ ಸರಿಯಾಗಿ ಎರಡೇ ತಿಂಗಳ ಗಾಬರಿ ಎಂದರೆ ಅದು ಲೆಕ್ಕ. ಅದೂ ಯಾರದು? ಸ್ವಂತ ಮದುವೆಗೇ ಅರ್ಧ ಗಂಟೆ ತಡವಾಗಿ ಬಂದವನದು.

ಹೆಣ್ಣುಗಳು ಮೇಯಲ್ಲೇ ಗಬ್ಬ ಕಟ್ಟಿದ್ದವು. ಹಾಗೆಂದರೆ ದೊರೆಯನ್ನು ಹಿಂದಿರುಗಿಸಬೇಕಿತ್ತು, ಅದಕ್ಕೆ ಜುಲೈ ಎಂದ. ಒಡೆಯನಿಗೆ ಹೇಳಿದ ಸುಳ್ಳನ್ನು ಒಡೆಯನ ಸೊಸೆಗೂ ಹೇಳಲೇಬೇಕಾಯಿತು. ಆದರೆ ಸೂಜಿ ತಪ್ಪಬಾರದು. ಗಾಬರಿಯ ಗಂಡಸಿನ ವೇಷ ಹಾಕಿ ಪ್ರತಿಯೊಂದನ್ನೂ ಹೊತ್ತಿಗೆ ಸರಿಯಾಗಿ ಹಾಕಿಸಿಕೊಂಡಿದ್ದ. ಕೊನೆಯದೊಂದು ಉಳಿದಿತ್ತು. ಅದಕ್ಕೆ ಮುಂಚೆ ಹೋಗಿಬಿಟ್ಟ.

ಕುದುರೆಯ ಗಬ್ಬ ಹನ್ನೊಂದು ತಿಂಗಳು. ಮರಿಗಳು ಜೂನಿನಲ್ಲಿ ಬರುವುದಿಲ್ಲ, ಏಪ್ರಿಲಿನಲ್ಲಿ ಬರುತ್ತವೆ. ಸೂಜಿ ಬೀಳಬೇಕಾದದ್ದು ಮೇಯಲ್ಲಲ್ಲ. ಈ ವಾರ.

ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಮೊದಲು ಸುಲಭದ ದಾರಿ ಹಿಡಿದು ನೋಡಿದೆ.

“ಡಾಕ್ಟ್ರೇ, ಆ ಸೂಜಿ ಇವತ್ತೇ ಹಾಕಿಬಿಡಿ. ಮಾಲೀಕರ ಗಾಬರಿ ಅಂತ ಬರ್ಕೊಳ್ಳಿ.”

“ಆಗಲ್ಲ ಕಣ್ರೀ. ಆ ಮೂರು ಮುಂಚೆ ಹಾಕಿದ್ರೂ ಪರವಾಗಿಲ್ಲ ಅಂತ ಬಿಟ್ಟೆ. ಇದು ಹಾಗಲ್ಲ. ಇಷ್ಟು ಮುಂಚೆ ಹಾಕಿದ್ರೆ ಹಾಲು ಕಟ್ಟೋ ಹೊತ್ತಿಗೆ ಶಕ್ತಿ ಇಳಿದಿರತ್ತೆ.”

“ಹೊಟ್ಟೆ ನೋಡಿ. ಜೂನಿನ ಹೊಟ್ಟೆ ತರ ಇದೆಯಾ?”

“ಇವುಗಳ ಹೊಟ್ಟೆ ಗಬ್ಬ ಇಲ್ಲದಾಗಲೂ ಹೀಗೇ ಇರತ್ತೆ. ಇದನ್ನ ನೋಡಿ ತಿಂಗಳು ಹೇಳೋದಾದ್ರೆ ನಾನು ಜಾತಕ ಹೇಳೋಕೆ ಕೂತ್ಕೋತಿದ್ದೆ.” ಬಗ್ಗಿ ಬೆಣ್ಣೆಯ ಕೆಚ್ಚಲು ಮುಟ್ಟಿದಳು. “ಒಂಚೂರು ಬಿಗಿ ಅನ್ಸತ್ತೆ. ಕೊಬ್ಬೂ ಇರಬಹುದು. ದಿನಾಂಕ ನಿಮ್ಮವರೇ ಹೇಳಿದ್ದಲ್ವಾ?”

“ಒಂದು ಸುಳ್ಳಾಡಿದ ಹುಡುಗನಲ್ಲ,” ಎಂದರು ಅತ್ತೆ ಸ್ಟೂಲಿನ ಮೇಲಿಂದ.

ನಾನು ಅತ್ತೆಯ ಮುಖ ನೋಡಿದೆ. ಬೆಣ್ಣೆಯ ಹೊಟ್ಟೆ ನೋಡಿದೆ. ಒಳಗಿಂದ ಒಂದು ಗೊರಸು ಚರ್ಮವನ್ನು ದೂಡಿ ಹಿಂದಕ್ಕೆ ಹೋಯಿತು.

“ಆಡಿದ್ದಾನೆ ಅತ್ತೆ,” ಎಂದೆ. “ದೊರೆನ ಇಟ್ಕೊಳ್ಳೋಕೆ ಮೇ ತಿಂಗಳನ್ನ ಜುಲೈ ಮಾಡಿದ್ದಾನೆ.”

ರಿಜಿಸ್ಟರ್ ತೋರಿಸಿದೆ. ಡಾಕ್ಟರಮ್ಮ ಬೆರಳು ಮಡಚಿ ಎಣಿಸಿದಳು, ಬಿಚ್ಚಿದಳು, ಮತ್ತೆ ಎಣಿಸಿದಳು.

“ಅಯ್ಯೋ ಇವರ! ನಾನು ಮೂರು ಸಲ ಸಮಾಧಾನ ಮಾಡಿದೀನಿ ರೀ! ‘ಹೆದರ್ಬೇಡಿ ಸರ್’ ಅಂತ ನೀರು ಕುಡಿಸಿದೀನಿ!”

“ಕುಡಿದನಾ?”

“ಎರಡು ಲೋಟ!”

ಅತ್ತೆ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತರು. ನಾನು ಅವರ ಅನ್ನಕ್ಕೆ ಕಲ್ಲು ಹಾಕಿದ್ದೆ. ಆಮೇಲೆ ಸೆರಗು ಬಿಟ್ಟು ಹೇಳಿದರು.

“ನಾಲ್ಕನೇ ಕ್ಲಾಸಲ್ಲಿದ್ದಾಗ ಎದುರು ಮನೆಯವರು ಊರಿಗೆ ಹೋಗೋವಾಗ ಅವರ ನಾಯಿನ ನೋಡ್ಕೋ ಅಂತ ಕೊಟ್ರು. ಅವರು ವಾಪಸ್ ಬಂದ್ರೆ, ನಾಯಿ ನಿಮ್ಮನ್ನ ಮರೆತುಬಿಟ್ಟಿದೆ, ಗುರುತು ಸಿಕ್ಕದೆ ಕಚ್ಚಬಹುದು ಅಂದ. ಎರಡು ತಿಂಗಳು ಅವರು ನಮ್ಮ ಗೇಟ್ ಮುಟ್ಟಲಿಲ್ಲ.” ಮೂಗು ಒರೆಸಿಕೊಂಡರು. “ಎರಡೇ ತಿಂಗಳು. ಆಗಲೂ.”

ಮೊದಲು ನಕ್ಕವಳು ಡಾಕ್ಟರಮ್ಮ. ಆಮೇಲೆ ಅತ್ತೆ. ನನ್ನ ಮುಖದ ಮಾಂಸಖಂಡಗಳೂ ಏನೋ ಮಾಡಿದವು, ನಗು ಇದ್ದರೂ ಇರಬಹುದು.

“ನಾಯಿ ಮಾತು ಇಲ್ಲದಿದ್ರೆ ಯೋಚನೆ ಮಾಡ್ತಿದ್ದೆ,” ಎಂದು ಡಾಕ್ಟರಮ್ಮ ಚೀಲ ಬಿಚ್ಚಿದಳು. “ಹಾಕೋಣ. ಜೂನ್ ಅಂತಲೇ ಆದ್ರೆ ಮೇಯಲ್ಲಿ ಇನ್ನೊಂದು ಹಾಕಿದ್ರಾಯ್ತು. ಏಪ್ರಿಲ್ ಆಗಿ ಹಾಕದಿದ್ರೆ ತಿದ್ದೋಕೆ ಆಗಲ್ಲ. ಆದ್ರೆ ಮಾವನಿಗೆ ಹೇಳಲೇಬೇಕು ನಾನು. ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ ನನಗೆ.”

“ಹೇಳಿ,” ಎಂದೆ.

ಬೆಣ್ಣೆಗೆ ಕುತ್ತಿಗೆಯ ಎಡಕ್ಕೆ, ಪೂರ್ತಿ ಸೂಜಿ. ಪುಟ್ಟಕ್ಕನಿಗೂ ಅಷ್ಟೇ. ಎರಡು ವಾರ ಬಿಟ್ಟು ಬಲಕ್ಕೆ ಎರಡನೆಯದು. ಎರಡು ಸಲವೂ ಅತ್ತೆ ತೊಟ್ಟಿಯ ಪಕ್ಕ ಸಂಜೆಯವರೆಗೆ ಕೂತು ಹುಲ್ಲನ್ನು ಹಿಡಿಹಿಡಿಯಾಗಿ ತಿನ್ನಿಸಿದರು. ಬೆಣ್ಣೆ ಮೊದಲ ದಿನ ಮಧ್ಯಾಹ್ನ ಮುಖ ತಿರುವಿದಳು. “ತಿನ್ನೇ, ಧಿಮಾಕು ಮಾಡ್ಬೇಡ. ನಾನೇ ತಿಂತಿದೀನಿ, ನಿನಗೇನು?” ಎಂದು ಅತ್ತೆ ಗದರಿದರು. ತಿಂದಳು.

ಮಾಸ್ತರರು ನಮ್ಮ ಬೀದಿಗೆ ಬರುವುದನ್ನು ನಿಲ್ಲಿಸಿದರು.

ಮೊದಲ ಸೂಜಿ ಬಿದ್ದ ನಲವತ್ತೆರಡನೇ ದಿನ, ಏಪ್ರಿಲ್ ಮಧ್ಯದಲ್ಲಿ, ಬೆಣ್ಣೆ ಈದಳು. ಮರಿ ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಮೈಯೆಲ್ಲ ಕಾಲೇ. ಅತ್ತೆ ಹಾಲಿನವನನ್ನು ನಿಲ್ಲಿಸಿ, “ನೋಡಪ್ಪ, ನನ್ನ ಮಗ ಹೇಳಿದ್ದು ಸುಳ್ಳೇ!” ಎಂದರು, ಬಹುಮಾನ ಬಂದವರ ಹಾಗೆ. ಮರಿಯ ಹತ್ತನೇ ದಿನ ನಾನು ಬೆಳಗಿನಿಂದ ಅದರ ದವಡೆಯನ್ನೇ ನೋಡುತ್ತಿದ್ದೆ. ಅದು ಆ ದವಡೆಯಿಂದ ನನ್ನ ಕುರ್ತಾದ ಗುಂಡಿ ಕಿತ್ತುಕೊಂಡಿತು. ಹನ್ನೊಂದನೇ ದಿನ ಹಗ್ಗದ ಮೇಲಿದ್ದ ಟವೆಲ್ ಎಳೆದು ತುಳಿಯಿತು. ಪಕ್ಕದಲ್ಲಿ ಪುಟ್ಟಕ್ಕನದೂ ಎದ್ದು ನಿಂತು ಮೂರು ದಿನವಾಗಿತ್ತು.

ಹನ್ನೆರಡನೇ ದಿನ ದೊರೆಯ ಮೈ ಉಜ್ಜಿ, ಹಗ್ಗ ಹಾಕಿ, ಮೂರು ಬೀದಿ ನಡೆಸಿಕೊಂಡು ಹೋದೆ. ಪ್ರತಿ ಲೈಟು ಕಂಬದ ಹತ್ತಿರವೂ ನಿಂತ. ಮಾಸ್ತರರು ಅಂಗಳದಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದರು. ಪೈಪ್ ಕೆಳಗಿಟ್ಟರು, ನಲ್ಲಿ ನಿಲ್ಲಿಸಲಿಲ್ಲ.

“ಮೂರು ವಾರ ಅಂದಿದ್ದ.”

“ಹೌದು.”

“ಐವತ್ತೆರಡು ಆಯ್ತು.”

“ಹೌದು ಮಾಸ್ತರೇ.”

“ಅಷ್ಟು ಜನರ ಮುಂದೆ ನಿಂತು ಅವನನ್ನ ಸತ್ಯವಂತ ಮಾಡಿದೆನಲ್ಲಮ್ಮ ನಾನು!”

“ಚೆನ್ನಾಗಿ ಹೇಳಿದ್ರಿ. ಅತ್ತೆ ಊಟ ಮಾಡಿದ್ದು ಅದರಿಂದಲೇ.”

ಅವರು ದೊರೆಯ ಕಡೆ ತಿರುಗಿದರು. ದೊರೆ ಅವರ ಚಪ್ಪಲಿಯ ಮೇಲೆ ಹರಿಯುತ್ತಿದ್ದ ನೀರು ಕುಡಿಯತೊಡಗಿದ.

“ನನಗೇ ಕೊಟ್ಟುಬಿಡಿ ಅಂತ ಕೇಳಬಹುದಿತ್ತಲ್ಲ ನಿನ್ನ ಗಂಡ.”

“ಕೇಳಿದ್ರೆ ಕೊಡ್ತಿದ್ರಾ?”

“ಎಲ್ಲಾದ್ರೂ ಉಂಟಾ? ಖಂಡಿತ ಕೊಡ್ತಿರಲಿಲ್ಲ.”

“ಅವನಿಗೆ ಗೊತ್ತಿತ್ತು,” ಎಂದು ಹಗ್ಗವನ್ನು ಅವರ ಕೈಗೆ ಕೊಟ್ಟೆ.