ಮೂರನೆಯ ಕೊಠಡಿಯ ಬಸವಣ್ಣ

ದೇವರ ಹೆಸರಲ್ಲಿ ಬಿಟ್ಟ ಹೋರಿಯನ್ನು ನಮ್ಮೂರಲ್ಲಿ ಯಾರೂ ಹೋರಿ ಎನ್ನುವುದಿಲ್ಲ, ಬಸವಣ್ಣ ಎನ್ನುತ್ತೇವೆ. ಹೊಲಕ್ಕೆ ನುಗ್ಗಿದರೂ ಕೈಮುಗಿದು, "ಸಾಕು ಬಾರಪ್ಪ" ಎಂದು ಕರೆಯುತ್ತೇವೆ. ಹಾಗಾಗಿ ಅವನು ಹೈಸ್ಕೂಲಿನ ಮೂರನೆಯ ಕೊಠಡಿಗೆ ಬಂದು ಹೊಸ ಫ್ಯಾನಿನ ಕೆಳಗೆ ಮಲಗಿದಾಗ ಊರೆಲ್ಲ ಸೇರಿತೇ ಹೊರತು, ಒಬ್ಬರ ಕೈಯಲ್ಲೂ ಕೋಲಿರಲಿಲ್ಲ.

ಫ್ಯಾನು ಹಾಕಿಸಿದ್ದು ಮಕ್ಕಳಿಗೆ. ಇಷ್ಟು ವರ್ಷ ಸಾಸ್ವೆಹಳ್ಳಿ ಕಡೆಯ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊನ್ನಾಳಿಯವರೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದರು. ಈ ಸಲ ಬರೆಯಬೇಕಾದ ಅರ್ಪಿತಾ ಓದಿನಲ್ಲಿ ಮುಂದು, ಆದರೆ ಬಸ್ಸು ಹತ್ತಿದರೆ ವಾಂತಿ. ಹೆಡ್‌ಮೇಡಂ ಶಾಂತಲಾ ಕಚೇರಿಯಿಂದ ಕಚೇರಿಗೆ ಅಲೆದು ಪರೀಕ್ಷಾ ಕೇಂದ್ರವನ್ನು ಊರಿಗೇ ತರಿಸಿದ್ದರು. ಮೂರು ಕೊಠಡಿ, ಅಲುಗಾಡದ ಡೆಸ್ಕು, ಕುಡಿಯುವ ನೀರು, ಫ್ಯಾನು ಎಲ್ಲ ಇದ್ದರೆ ಮಾತ್ರ ಎಂಬುದು ಷರತ್ತು. ಅದನ್ನು ನೋಡಲು ಅಧಿಕಾರಿ ಸಿದ್ದಲಿಂಗೇಶ್ ಬಸವಣ್ಣ ಬಂದು ಮಲಗಿದ ದಿನವೇ ಬಂದರು.

ಬಾಗಿಲಲ್ಲಿ ಶೂ ಬಿಚ್ಚಿ, ಬಸವಣ್ಣನಿಗೆ ಕೈಮುಗಿದು, ಆಮೇಲೆ ಪೆನ್ನು ತೆಗೆದರು.

"ಮೂರನೇ ರೂಮು ಖಾಲಿ ಇಲ್ಲ."

"ದೇವ್ರು ಸಾರ್" ಎಂದ ಪೂಜಾರಿ ಬೆನಕಪ್ಪ.

"ಕೈ ಮುಗಿದ್ನಲ್ರಿ. ಆದ್ರೆ ದೇವ್ರತ್ರ ಹಾಲ್‌ಟಿಕೆಟ್ ಐತೇನು? ಸಂಜೆ ಒಳಗೆ ಖಾಲಿ ಮಾಡ್ಸದಿದ್ರೆ ಸೆಂಟರ್ ಹೊನ್ನಾಳಿಗೇ."

ಅರ್ಪಿತಾಳ ಮುಖ ಆಗಲೇ ಬಸ್ಸು ಹತ್ತಿದಂತಾಯಿತು.

ಶಾಲೆಯ ಜವಾನ ತಿಪ್ಪೇಶಪ್ಪ ಫ್ಯಾನು ಆರಿಸಿದ. ಬಸವಣ್ಣ ಕತ್ತೆತ್ತಿ ಒಮ್ಮೆ ನೋಡಿದ, ಅಷ್ಟೆ.

"ಥೂ ನಿನ್ನ, ದೇವ್ರಿಗೆ ಶೆಕೆ ಮಾಡ್ತೀಯೇನೋ!" ಎಂದು ತಿಪ್ಪೇಶಪ್ಪನ ಹೆಂಡತಿ ಶಂಕ್ರಮ್ಮ ತಾನೇ ಹೋಗಿ ಸ್ವಿಚ್ಚು ಒತ್ತಿದಳು. ಜೋಳದ ದಂಟು ತೋರಿಸಿದರು, ಮಲಗಿದಲ್ಲೇ ತಿಂದ. ಮಂಗಳಾರತಿ ಎತ್ತಿದರು, ಇನ್ನಷ್ಟು ಆರಾಮಾಗಿ ಕಣ್ಣು ಮುಚ್ಚಿದ.

ಕೊನೆಗೆ ಅರ್ಪಿತಾ ಬೆನಕಪ್ಪನನ್ನು ಕೇಳಿದಳು: "ಅಜ್ಜ, ಅವ್ನಿಗೆ ಗುಡೀಲಿ ಫ್ಯಾನ್ ಇಲ್ಲೇನು?"

"ಐತೆ, ಅದು ನಂದು..." ಎಂದವನು ಊರೆಲ್ಲ ತಿರುಗಿ ನೋಡಿದ್ದು ಕಂಡು, "ಅಂದ್ರೆ, ಜಪಕ್ಕೆ ಕುಂತಾಗ ನನ್ ಕಡೆ ತಿರುಗಿರ್ತೈತೆ" ಎಂದ ಬೆನಕಪ್ಪ.

ಶಾಲೆಯ ಗೋಡೆಗೇ ಅಂಟಿದ ಗುಡಿ. ವೈರು ಎಳೆದು ಸ್ಟ್ಯಾಂಡ್ ಫ್ಯಾನು ತಂದರು. ಕೊಠಡಿಯ ಫ್ಯಾನು ಆರಿಸಿ, ಇದನ್ನು ಅವನ ಮುಖಕ್ಕೆ ಹಿಡಿದರು. ತಿರುಗುವ ಫ್ಯಾನನ್ನು ಮಗುವಿನಂತೆ ತಬ್ಬಿಕೊಂಡು ಬೆನಕಪ್ಪ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಬಸವಣ್ಣ ಎದ್ದ. ಗಾಳಿಯ ಹಿಂದೆ ಗಂಭೀರವಾಗಿ ನಡೆದ.

"ಹಿಂದೆ ಮೆಟ್ಲೈತೆ ಅಜ್ಜ!" ಎಂದು ವೈರು ಹಿಡಿದಿದ್ದ ಅರ್ಪಿತಾ ಕೂಗಿದಳು.

"ನೀ ವೈರು ಬಿಡವ್ವ, ಮೆಟ್ಲು ನಂಗೊತ್ತು!"

ಗುಡಿಯಲ್ಲಿ ಬೆನಕಪ್ಪ ಕೂರುವ ಜಾಗವನ್ನೇ ಹುಡುಕಿ ಬಸವಣ್ಣ ಮಲಗಿದ. ಸಿದ್ದಲಿಂಗೇಶ್ ಸಹಿ ಹಾಕಿದರು.

ಮೊದಲ ಪರೀಕ್ಷೆಗೆ ಅರ್ಪಿತಾ ನಡೆದೇ ಬಂದಳು. ಮೂರನೆಯ ಕೊಠಡಿಯಲ್ಲಿ ಪೆನ್ನಿನ ಸದ್ದು ಬಿಟ್ಟರೆ ಫ್ಯಾನಿನದಷ್ಟೇ ಸದ್ದು. ಬರೆದು ಹೊರಬಂದಾಗ ಬೆನಕಪ್ಪ ಗುಡಿಯ ಹೊರಗೆ, ಟವಲಿನಿಂದ ಗಾಳಿ ಬೀಸಿಕೊಳ್ಳುತ್ತ ಜಪಕ್ಕೆ ಕೂತಿದ್ದ.

"ಹೆಂಗೆ ಬರದ್ಯವ್ವ?"

"ಚೆನ್ನಾಗಿ ಬರದೀನಿ ಅಜ್ಜ. ಭಾಳ ಶೆಕೆನಾ?"

"ಶಿವನಿಚ್ಛೆ" ಎಂದು ಬೆವರು ಒರೆಸಿಕೊಂಡ. "ಇನ್ನ ಎಷ್ಟು ಪೇಪರ್ ಅದಾವೆ?"

"ಐದು."

ಬೆನಕಪ್ಪ ಕಣ್ಣು ಮುಚ್ಚಿ, ಜಪವನ್ನು ಸ್ವಲ್ಪ ಜೋರಾಗಿಯೇ ಮುಂದುವರಿಸಿದ.