ಅಕ್ಕನ ಕಾರ್ಡು

ನಾನೂ ಅಕ್ಕನೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದ್ದೇವೆ. ಅದೇ ಮೂಗು, ಅದೇ ಅಗಲ ಹಣೆ. ವ್ಯತ್ಯಾಸ ಇಷ್ಟೇ: ಅವಳು ರೈಲ್ವೆ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾಳೆ, ಅವಳಿಗೆ ಆಸ್ಪತ್ರೆಯ ವಿಮೆ ಕಾರ್ಡಿದೆ. ನಾನು ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುತ್ತೇನೆ, ನನಗಿಲ್ಲ. ನಮ್ಮ ದೇಶದಲ್ಲಿ ದುಡ್ಡಿಗೇನೂ ಬರವಿಲ್ಲ; ರಸ್ತೆ ನಡುವಿನ ಹುಲ್ಲಿಗೆ ನೀರು ಹಾಕಲೂ ಸಂಬಳದ ಆಳಿದ್ದಾನೆ. ನನ್ನ ಹೊಟ್ಟೆನೋವಿಗೆ ಮಾತ್ರ ದಿಕ್ಕಿರಲಿಲ್ಲ.

ಎರಡು ವರ್ಷದ ಹಿಂದೆ ಅಪೆಂಡಿಕ್ಸ್ ಊದಿಕೊಂಡು ನಾನು ನೆಲದ ಮೇಲೆ ಹೊರಳಾಡುತ್ತಿದ್ದಾಗ ಅಕ್ಕ ತನ್ನ ಕಾರ್ಡನ್ನು ನನ್ನ ಕೈಗೆ ತುರುಕಿದಳು. "ಬಾಯ್ಮುಚ್ಕೊಂಡು ಹೋಗು. ಹೆಸರು ಕೇಳಿದ್ರೆ ನನ್ನ ಹೆಸರು ಹೇಳು." ಮೂರು ದಿನ ನಾನು ಅಕ್ಕನಾಗಿ ಮಲಗಿ ಎದ್ದು ಬಂದೆ. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮಹಾ ಬುದ್ಧಿವಂತರು ನಾವು!

ಕಳೆದ ತಿಂಗಳು ಅಕ್ಕನಿಗೆ ಅದೇ ನೋವು ಬಂತು. ಅದೇ ಬಲಗಡೆ, ಅದೇ ಜ್ವರ, ವಾಂತಿ. ಗಾಬರಿಯಲ್ಲಿ ಅದೇ ಆಸ್ಪತ್ರೆಗೆ ಓಡಿದೆವು; ಹಳೇ ಕಥೆ ಇಬ್ಬರಿಗೂ ಮರೆತೇ ಹೋಗಿತ್ತು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಆಮೇಲೆ ಕಂಪ್ಯೂಟರ್ ನೋಡಿದರು. "ಅಪೆಂಡಿಕ್ಸ್ ಅಂದ್ಕೊಂಡೆ. ನಿಮ್ದು ಎರಡು ವರ್ಷದ ಹಿಂದೇನೇ ತೆಗೆದಾಗಿದೆಯಲ್ಲ? ಗಾಯದ ಗುರುತೇ ಕಾಣ್ತಿಲ್ಲ?"

ನಿಜ ಹೇಳಿದರೆ ವಂಚನೆಯ ಕೇಸು. ಅಕ್ಕನ ಕೆಲಸ, ಕಾರ್ಡು ಎರಡೂ ಹೋಗುತ್ತವೆ. ಹೇಳದಿದ್ದರೆ ಅವಳ ಅಪೆಂಡಿಕ್ಸ್ ಹೊಟ್ಟೆಯೊಳಗೇ ಒಡೆಯುತ್ತದೆ.

"ಗುರುತು ಮಾಸಿ ಹೋಗಿದೆ ಡಾಕ್ಟ್ರೇ," ಅಕ್ಕ ಹಲ್ಲು ಕಚ್ಚಿಕೊಂಡು ಹೇಳಿದಳು. "ಇದು ಗ್ಯಾಸು. ಒಂದು ಮಾತ್ರೆ ಕೊಡಿ, ಮನೆಗೆ ಹೋಗ್ತೀನಿ."

ನನ್ನ ಕಡೆ ಕಣ್ಣು ಬಿಟ್ಟಳು. ತುಟಿ ಪಿಟಕ್ಕೆನ್ನಬೇಡ ಎಂದು ಅದರರ್ಥ. ಚಿಕ್ಕಂದಿನಿಂದ ಆ ಕಣ್ಣಿಗೆ ಹೆದರಿದವಳು ನಾನು. ಅವಳು ಹೇಳಿದ್ದಕ್ಕೆ ಹೌದೆಂದು ತಲೆಯಾಡಿಸಿಬಿಟ್ಟೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಹಾಗಾದ್ರೆ ಬೇರೆ ಪರೀಕ್ಷೆ ಮಾಡ್ಬೇಕು. ಸಂಜೆವರೆಗೆ ಕಾಯ್ಬೇಕಾಗುತ್ತೆ," ಎಂದರು ಡಾಕ್ಟರಮ್ಮ.

"ಬೇಡ," ಎಂದು ಅಕ್ಕ ಮಂಚದಿಂದ ಇಳಿಯಲು ಹೋಗಿ ಅರ್ಧಕ್ಕೇ ಬಗ್ಗಿ ನಿಂತಳು. ಮುಖ ಬಿಳಿಚಿಕೊಂಡಿತ್ತು.

ನಾನು ನನ್ನ ಅಂಗಿ ಎತ್ತಿದೆ. "ಗುರುತು ಇಲ್ಲಿದೆ ಡಾಕ್ಟ್ರೇ. ತೆಗೆದದ್ದು ನಂದು, ಅವಳ ಕಾರ್ಡಲ್ಲಿ. ಅವಳದು ಇನ್ನೂ ಒಳಗೇ ಇದೆ."

"ಅಯ್ಯೋ ಮಂಕೇ, ಎಂಥ ಕೆಲಸ ಮಾಡಿದ್ಯೇ," ಎಂದು ಅಕ್ಕ ಅತ್ತಳು. ಅಷ್ಟು ಹೊತ್ತು ನೋವಿಗೆ ಅಳದವಳು ಅದಕ್ಕೆ ಅತ್ತಳು.

ಡಾಕ್ಟರಮ್ಮ ನನ್ನ ಹೊಟ್ಟೆ ನೋಡಿದರು, ಫೋನ್ ಎತ್ತಿದರು. ಮೊದಲು ಆಪರೇಷನ್ ಥಿಯೇಟರಿಗೆ ಮಾಡಿದರು. ಆಮೇಲೆ, ನನ್ನ ಮುಖ ನೋಡದೆ, ಕೆಳಗಿನ ವಿಮೆ ಆಫೀಸಿಗೆ ಮಾಡಿದರು.