ಎರಡು ಬೆರಳಿನ ಜಾಗ

ಚೂರಿ ಮತ್ತೆ ಕೈಯೊಳಗೇ ಹೊರಳಿತು. ಕುರಿಯ ತೊಡೆಯ ಮೂಳೆಗೆ ಮೊನೆ ತಾಗುತ್ತಲೇ ಹಿಡಿ ಮೇವಿಸಳ ಬಲ ಅಂಗೈಯಲ್ಲಿ ಗಿರ್ರನೆ ತಿರುಗಿ, ಅಲಗು ಎಡಗೈ ಹೆಬ್ಬೆರಳಿನ ಪಕ್ಕದಲ್ಲೇ ಹಲಗೆಗೆ ಕಚ್ಚಿಕೊಂಡಿತು. ನಡುವೆ ಒಂದು ಗೋಧಿಕಾಳು ಹಿಡಿಸುವಷ್ಟು ಜಾಗ.

"ಇಟ್ಕೋ ನೀನೇ. ಗೋಡೆಗೆ ನೇತುಹಾಕು, ನೋಡೋಕೆ ಚೆನ್ನಾಗಿದೆ," ಎಂದು ಅವಳು ಹಿಂದೆ ಸರಿದಳು.

ಆಲ್ಬಿ ಟ್ರೆಲೋರ್ ಚೂರಿ ಕಿತ್ತು, ಹಿಡಿಯನ್ನು ಬೆಳಕಿಗೆ ಹಿಡಿದ. ನಲವತ್ತು ವರ್ಷದಿಂದ ಆ ಊರಿನಲ್ಲಿ ಕುದುರೆ ಜೀನು ಹೊಲಿದು ಚಾಟಿ ಹೆಣೆದು ಬದುಕಿದವನು. ಕಾಂಗರೂ ತೊಗಲನ್ನು ನೂಲಿನಂಥ ಬಾರುಗಳಾಗಿ ಸೀಳಿ, ಕೊಬ್ಬು ಸಾಬೂನು ಕಲಸಿ ತಿಕ್ಕಿ, ಹನ್ನೆರಡು ಎಳೆಯಲ್ಲಿ ಅವಳ ಚೂರಿಯ ಹಿಡಿಯ ಸುತ್ತ ಹೆಣೆದಿದ್ದ. ಮೂರು ದಿನದ ಕೆಲಸ. ಅಂಗಡಿಗೆ ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡಿ ಹೊಗಳಿದ್ದರು.

"ಇದಕ್ಕಿಂತ ಗಟ್ಟಿ ತೊಗಲು ಭೂಮಿ ಮೇಲಿಲ್ಲ ಕಣೇ. ನೆತ್ತರಲ್ಲಿ ಅದ್ದಿದ್ರೂ ಜಾರಲ್ಲ."

"ತೊಗಲನ್ನ ಯಾರು ಬೈದ್ರು? ಜಾರ್ತಿರೋದು ನಾನು."

ಮೇವಿಸ್ ಕ್ವಿಲ್ಟಿ ಇಪ್ಪತ್ತೆರಡು ವರ್ಷ ಮೌಂಟ್ ಹೆಸ್ಟರ್ ಎಂಬ ದೊಡ್ಡ ದನದ ಫಾರಮ್ಮಿನ ದನಗಾಹಿ ತಂಡಕ್ಕೆ ಅಡುಗೆ ಮಾಡಿದವಳು. ದನ ಒಟ್ಟುಮಾಡುವ ತಿಂಗಳುಗಳಲ್ಲಿ ತಂಡ ಎಲ್ಲಿಗೆ ಹೋದರೆ ಅವಳ ಒಲೆ ಅಲ್ಲಿಗೆ. ಕಳೆದ ಅಕ್ಟೋಬರಿನಲ್ಲಿ ದನಗಳನ್ನು ಲಾರಿಗೆ ಹತ್ತಿಸುವಾಗ ಕಬ್ಬಿಣದ ಗೇಟು ಬಡಿದು ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಹೋದವು. ಈ ಎಂಟು ತಿಂಗಳಲ್ಲಿ ಹಿಟ್ಟು ನಾದುವುದು, ಆಲೂಗಡ್ಡೆ ಸುಲಿಯುವುದು, ಲಾರಿ ಓಡಿಸುವುದು ಎಲ್ಲ ಮತ್ತೆ ಕಲಿತಿದ್ದಳು. ಮಾಂಸ ಕೊಯ್ಯುವುದೊಂದು ಬರಲಿಲ್ಲ. ತಂಡದಲ್ಲಿ ಹನ್ನೊಂದು ಜನ, ಮೂರು ಹೊತ್ತೂ ದನದ ಮಾಂಸವೇ ಬೇಕು. ಸೋಮವಾರ ತಂಡ ಹೊರಡುವುದಿತ್ತು. ದಾರಿಯ ಊಟಕ್ಕೆಂದು ಶನಿವಾರ ತುಂಡು ಮಾಡಬೇಕಾದ ದನವನ್ನು ಅವಳು ಕೊಯ್ಯಲಾಗದಿದ್ದರೆ ಬೇರೆ ಅಡುಗೆಯವನನ್ನು ಕರೆಸುವುದಾಗಿ ಮ್ಯಾನೇಜರ್ ಹೇಳಿದ್ದ. ಅವಳಿಗೆ ಫಾರಮ್ಮಿನ ದೊಡ್ಡಮನೆಯ ಅಡುಗೆಮನೆಯಲ್ಲಿ ಕೆಲಸ ಇದ್ದೇ ಇದೆ ಎಂದೂ ಹೇಳಿದ್ದ. ಬಹಳ ಮರ್ಯಾದೆಯಿಂದ ಹೇಳಿದ್ದ. ಬೈದಿದ್ದರೆ ಮೇವಿಸ್ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ.

"ದೊಡ್ಡಮನೆ ಅಡುಗೆಮನೆ ಏನಾಗಿದೆ? ನೆರಳು, ಫ್ರಿಜ್ಜು, ಫ್ಯಾನು," ಎಂದ ಆಲ್ಬಿ.

"ಗೋಡೆ ಇದೆ," ಎಂದಳು ಮೇವಿಸ್. "ನಾಲ್ಕೂ ಕಡೆ."

ಅವಳ ಗಾಡಿ ಎಬ್ಬಿಸಿದ ಕೆಂಪು ಧೂಳು ಇಳಿಯುವ ತನಕ ಆಲ್ಬಿ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ಒಂದು ತುಂಡು ಬಾರು ತೆಗೆದು, ತನ್ನ ಬಲಗೈಯ ಕೊನೆಯ ಎರಡು ಬೆರಳುಗಳನ್ನು ಅಂಗೈಗೆ ಮಡಿಚಿ ಬಿಗಿದು ಕಟ್ಟಿಕೊಂಡ.

ಸಂಜೆ ಚಹಾದ ಹೊತ್ತಿಗೆ ಹೆಂಡತಿ ಐಲಾ ನೋಡಿದಳು. "ಏನಿದು ಹೊಸ ವೇಷ?"

"ಬೆರಳಿಲ್ಲದೋರು ಹೇಗೆ ಇರ್ತಾರೆ ಅಂತ ನೋಡ್ತಿದೀನಿ."

"ತಲೆ ಇಲ್ಲದೋರು ಹೇಗಿರ್ತಾರೆ ಅಂತ ನಾನು ಮೂವತ್ತೆಂಟು ವರ್ಷದಿಂದ ನೋಡ್ತಾನೇ ಇದೀನಿ," ಎಂದು ಅವಳು ಬಟ್ಟಲು ಮುಂದಿಟ್ಟಳು.

ಬಟ್ಟಲು ಎತ್ತಲು ಬಂತು. ಚಮಚವೂ ಬಂತು. ಸುತ್ತಿಗೆ ಹಿಡಿದು ಒಂದು ಮೊಳೆ ಹೊಡೆದ, ಸುತ್ತಿಗೆ ಕೈಬಿಟ್ಟು ಹಾರಿ ಐಲಾಳ ಜೆರೇನಿಯಂ ಹೂಕುಂಡ ಒಡೆಯಿತು. ಬೈಗುಳ ಕೇಳಿಸಿಕೊಳ್ಳುತ್ತಲೇ ಅವನು ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಹೆಬ್ಬೆರಳು, ತೋರುಬೆರಳು ಕೆಲಸಕ್ಕೆ ದಾರಿ ತೋರಿಸುತ್ತವೆ, ಅಷ್ಟೆ. ಬಿಗಿ ಹಿಡಿಯುತ್ತಿದ್ದದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಆ ಕೊನೆಯ ಎರಡು. ಅವು ಹೋದ ಕೈಯಲ್ಲಿ ಚೂರಿಯ ಹಿಂಬದಿ ಗಾಳಿಯಲ್ಲಿ ನೇತಾಡುತ್ತದೆ. ಅಂಥ ಕೈಗೆ ಅವನು ಬೆತ್ತದಂತೆ ನುಣ್ಣಗಿನ ದುಂಡು ಹಿಡಿ ಮಾಡಿ ಕೊಟ್ಟಿದ್ದ!

ಮರುದಿನ ಬೆಳಗ್ಗೆ ಅವನು ಹನ್ನೆರಡು ಎಳೆಯ ಹೆಣಿಗೆಯನ್ನು ಉದ್ದಕ್ಕೆ ಸೀಳಿ ಕಿತ್ತ.

"ಅಯ್ಯೋ, ಅಷ್ಟು ಚೆಂದದ್ದು!" ಎಂದಳು ಐಲಾ.

"ಚೆಂದ ನನಗೆ ಬೇಕಿತ್ತು. ಅವಳೆಲ್ಲಿ ಕೇಳಿದ್ಲು?" ಎಂದು ಫೋನು ಎತ್ತಿದ.

ಮೇವಿಸ್ ಮಧ್ಯಾಹ್ನ ಬಂದಳು. ಬಲಗೈ ಜೇಬಿನಲ್ಲಿತ್ತು.

"ಕೈ ಕೊಡು," ಎಂದ ಆಲ್ಬಿ.

"ಚೂರಿ ಎಲ್ಲಿ?"

"ಮೊದಲು ಕೈ. ಮೊನ್ನೆ ನಾನು ಚೂರಿ ನೋಡ್ಕೊಂಡು ಕಟ್ಟಿದ್ದು. ಕೈ ನೋಡಲೇ ಇಲ್ಲ."

ಅವಳು ಐಲಾಳ ಕಡೆ ನೋಡಿದಳು. ಐಲಾ ಕೆಟಲ್ ಇಡಲು ಒಳಗೆ ಹೋದಳು. ಆಮೇಲೆ ನಿಧಾನವಾಗಿ ಕೈ ಹೊರಬಂತು. ಬೆರಳುಗಳಿದ್ದ ಕಡೆ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಆಲ್ಬಿ ಅದನ್ನು ಜೀನಿಗೆ ತೊಗಲು ಆರಿಸುವಾಗ ನೋಡುವಂತೆ ನೋಡಿದ. ತಿರುಗಿಸಿದ, ಒತ್ತಿದ, ಎಲ್ಲಿ ಮೆತ್ತಗಿದೆ, ಎಲ್ಲಿ ಮೂಳೆ ಇದೆ ಎಂದು ಹೆಬ್ಬೆರಳಿನಿಂದ ಹುಡುಕಿದ. ಅಯ್ಯೋ ಪಾಪ ಎನ್ನಲಿಲ್ಲ. ಚೂರಿಯ ಅಲಗಿಗೆ ಗೋಣಿ ಸುತ್ತಿ, ನೆನೆಸಿದ ದಪ್ಪ ದನದ ತೊಗಲಿನ ತುಂಡುಗಳನ್ನು ಹಿಡಿಯ ಹಿಂಬದಿಗೆ ಒಂದರ ಮೇಲೊಂದು ಇಟ್ಟು ದಾರದಿಂದ ಬಿಗಿದು, ಅವಳ ಅಂಗೈಗೆ ಕೊಟ್ಟ.

"ಹಿಂಡು. ಇನ್ನೂ ಜೋರಾಗಿ. ನೋವಾಗತ್ತಾ?"

"ಇಲ್ಲ. ತಣ್ಣಗಿದೆ."

"ಹಾಗೇ ಹಿಡ್ಕೊಂಡು ಕೂತಿರು. ತೊಗಲು ನಿನ್ನ ಕೈ ಕಲೀಬೇಕು."

ಅವಳು ಕಿಟಕಿ ಪಕ್ಕ ಒಂದು ಗಂಟೆ ಕೂತಳು. ಎಡಗೈಯಲ್ಲಿ ಚಹಾ ಕುಡಿದಳು. ಆಲ್ಬಿ ಬಾರು ಸೀಳುತ್ತಿದ್ದ. ಹೊರಗೆ ಯಾರದೋ ನಾಯಿ ನೀರಿನ ಟ್ಯಾಂಕಿನ ನೆರಳಲ್ಲಿ ಮಲಗಿತ್ತು.

"ಆಲ್ಬಿ, ಬರೀ ಬೆರಳಿಂದಲ್ಲ," ಎಂದಳು ಅವಳು. "ಹೆದರಿಕೆ. ಅಲಗು ಕಂಡ್ರೆ ಆ ಗೇಟು ಬಡಿದ ಸದ್ದು ಮತ್ತೆ ಕೇಳತ್ತೆ. ಇದನ್ನ ಯಾರಿಗೂ ಹೇಳಿಲ್ಲ."

ಆಲ್ಬಿ ಬಾರಿನಿಂದ ಕಣ್ಣೆತ್ತಲಿಲ್ಲ. "ಹೆದರಿಕೆಗೆ ತೊಗಲು ಸುತ್ತೋದು ನನಗೆ ಬರಲ್ಲ ಮೇವಿಸ್. ನನಗೆ ಬರೋದು ಇಷ್ಟೇ."

"ಗೊತ್ತು," ಎಂದಳು ಅವಳು. ಹಿಡಿಯನ್ನು ಮಾತ್ರ ಬಿಡಲಿಲ್ಲ.

ಅದು ಒಣಗಿ ಕಲ್ಲಾದ ಮೇಲೆ ಆಲ್ಬಿ ಕಾಂಗರೂ ತೊಗಲಿನ ಅಗಲ ಬಾರುಗಳನ್ನು, ಒರಟು ಮೈ ಹೊರಗೆ ಬರುವಂತೆ, ಬಿಗಿಯಾಗಿ ಸುತ್ತಿದ. ಬೆರಳು ಅಲಗಿನ ಕಡೆ ಜಾರದಂತೆ ಮುಂದುಗಡೆ ಒಂದು ಗಂಟಿನ ಬಳೆ ಹಾಕಿ, ಜೇನುಮೇಣ ಉಜ್ಜಿದ. ನೋಡಲು ಗೆಣಸಿಗೆ ಅಲಗು ಚುಚ್ಚಿದ ಹಾಗಿತ್ತು.

ಶನಿವಾರ ಬೆಳಗ್ಗೆ ಮೌಂಟ್ ಹೆಸ್ಟರಿನ ಕಸಾಯಿ ಚಪ್ಪರದಲ್ಲಿ ಹಿಂದಿನ ದಿನ ಕಡಿದ ಹೋರಿ ಎರಡು ಹೋಳಾಗಿ ತೂಗುತ್ತಿತ್ತು. ತಂಡದವರು ಬೇಲಿಗೆ ಒರಗಿ ನಿಂತಿದ್ದರು. ಮ್ಯಾನೇಜರ್ ಸ್ವಲ್ಪ ದೂರದಲ್ಲಿ ಟಯರು ಪರೀಕ್ಷಿಸುವ ನೆವದಲ್ಲಿ ಬಗ್ಗಿದ್ದ. ಆಲ್ಬಿ ಒಂದು ಬಕೆಟ್ ಬೋರಲು ಹಾಕಿ ಕೂತ.

ಮೇವಿಸ್ ತೂಗುತ್ತಿದ್ದ ಹೋಳನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದಳು. ಆಮೇಲೆ ಚೂರಿ ಇಟ್ಟು ಎಳೆದಳು. ಕೊಬ್ಬು ಬಿಚ್ಚಿತು. ಮೊನೆ ಹೋಗಿ ಸೊಂಟದ ಮೂಳೆಗೆ ತಾಗಿದಾಗ ಅವಳ ಭುಜ ಸೆಟೆಯಿತು, ಕಣ್ಣು ಮುಚ್ಚಿತು. ಚೂರಿ ತಿರುಗಲಿಲ್ಲ. ಅವಳು ಕಣ್ಣು ತೆರೆದು, ಅದೇ ಮೂಳೆಗೆ ಬೇಕೆಂದೇ ಇನ್ನೊಮ್ಮೆ ತಾಗಿಸಿದಳು. ಮತ್ತೊಮ್ಮೆ. ಆಮೇಲೆ ಮೂಳೆಯ ಸುತ್ತ ಅಲಗು ಆಡಿಸಿ, ಕೀಲು ಹುಡುಕಿ ಬಿಡಿಸಿದಳು. ಹಿಂದಿನ ತೊಡೆ ಧೊಪ್ಪನೆ ಮೇಜಿಗೆ ಬಿತ್ತು.

"ಮೇವಿಸಮ್ಮ, ಅದೇನು ಹಿಡಿಗೆ ಆಲೂಗಡ್ಡೆ ಕಟ್ಟಿದೀಯಾ?" ಎಂದು ಬೇಲಿಯ ಕಡೆಯಿಂದ ಒಬ್ಬ ಕೂಗಿದ.

"ಹೂಂ. ಬಾಯಿ ಮುಚ್ಚದಿದ್ರೆ ಇವತ್ತು ನಿನ್ನ ತಟ್ಟೆಗೆ ಅದೊಂದೇ."

ಎಲ್ಲರೂ ನಕ್ಕರು. ಒಂಬತ್ತು ಗಂಟೆಯ ಹೊತ್ತಿಗೆ ಒಂದು ಹೋಳು ಮುಗಿದಿತ್ತು. ಮ್ಯಾನೇಜರ್ ಟೋಪಿ ಹಿಂದಕ್ಕೆ ತಳ್ಳಿಕೊಂಡು ಹತ್ತಿರ ಬಂದ.

"ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಲಾರಿ ಹೊರಡತ್ತೆ, ಮೇವಿಸ್."

"ಮೂರೂವರೆಗೆ ಚಹಾ. ತಡವಾಗಿ ಬಂದೋರಿಗೆ ಇಲ್ಲ. ನಿನಗೂ ಸೇರಿಸಿ ಹೇಳ್ತಿರೋದು."

ಅವಳು ಚೂರಿಯನ್ನು ತೊಳೆದು ಪಕ್ಕಕ್ಕಿಟ್ಟು, ಮಾಂಸ ದಾರಿಯಲ್ಲಿ ಕೆಡದಂತೆ ಹಚ್ಚಲು ಕಲ್ಲುಪ್ಪಿನ ಮೂಟೆ ಬಿಚ್ಚಿದಳು. ಬೊಗಸೆ ತುಂಬ ತೆಗೆದು ಮಾಂಸದ ತುಂಡುಗಳ ಮೇಲೆ ಸುರಿದು, ಎರಡೂ ಕೈಯಿಂದ, ಮಡಿಕೆ ಮಡಿಕೆಗೂ ಇಳಿಯುವಂತೆ ಉಜ್ಜತೊಡಗಿದಳು. ಬಿಸಿಲು ಚಪ್ಪರದೊಳಗೆ ಬಂದಿತ್ತು. ಮೇಲೆ ಸುತ್ತುತ್ತಿದ್ದ ಹದ್ದಿನ ನೆರಳು ಬಿಳಿಯ ಉಪ್ಪಿನ ಮೇಲೆ ಒಮ್ಮೆ ಹಾದುಹೋಯಿತು.